ಅಕ್ಕನ ಶ್ರುತಿಗೆ ತಂತಿ

ಜೂನ್ ೨, ಸೋಮವಾರ

ಇವತ್ತು ಅಕ್ಕ ಮತ್ತೆ ಶುರು ಮಾಡಿದಳು. ಎರಡನೆಯ ಹಾಡು ಮುಗಿದು, ಊಟದ ಮೇಜುಗಳ ಕಡೆಯಿಂದ ಅರೆಮನಸ್ಸಿನ ಚಪ್ಪಾಳೆ ಬರುತ್ತಿರುವಾಗಲೇ ನನ್ನತ್ತ ಬಾಗಿ, "ಏನೇ ಪುಟ್ಟಿ ಇದು, ನಿನ್ನ ಗಿಟಾರು ತಗಡು ಬಡಿದ ಹಾಗೆ ಕೇಳ್ತಿದೆ. ನನ್ನ ದನಿ ಕೆಳಗೆ ನೆಲಾನೇ ಇಲ್ಲ ಅನ್ಸುತ್ತೆ" ಎಂದಳು. ಮುಖದ ತುಂಬ ನಗು ಇಟ್ಟುಕೊಂಡೇ ಅಂದಳು, ಜನ ನೋಡುತ್ತಿದ್ದರಲ್ಲ. ನಾನೂ ನಕ್ಕೆ. ನಲವತ್ತೇಳು ತುಂಬಿದರೂ ನಾನು ಅವಳಿಗೆ ಪುಟ್ಟಿಯೇ.

ದಿನಾ ಸಂಜೆ ಹಾಡುವ ಹೋಟೆಲಿನಿಂದ ಮನೆಗೆ ಬರುವ ದಾರಿಯುದ್ದಕ್ಕೂ ಅದೇ ರಾಗ. ತಂತಿ ಬದಲಾಯಿಸು, ಬೆಚ್ಚಗಿನ ನಾದ ಬರುವಂಥದ್ದು ಹಾಕು, ಕಿವಿ ತುಂಬಬೇಕು. "ನನ್ನ ದನಿ ಇನ್ನೂ ಹಾಗೇ ಇದೆ, ನಿನ್ನ ವಾದ್ಯಕ್ಕೇ ವಯಸ್ಸಾಯ್ತು ನೋಡು" ಎಂದು ತಮಾಷೆ ಬೇರೆ. ನಾನು ಗಿಟಾರಿನ ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದೆ.

ಏನಂತ ಹೇಳಲಿ? ವಯಸ್ಸಾಗಿರುವುದು ಗಿಟಾರಿಗಲ್ಲ. ತಂತಿಗಳನ್ನು ಎಷ್ಟು ಸಡಿಲ ಬಿಟ್ಟಿದ್ದೇನೆಂದರೆ ಅವು ಜೋತುಬಿದ್ದು ಕತ್ತಿನ ಮೇಲಿನ ಲೋಹದ ಮೆಟ್ಟಿಲುಗಳಿಗೆ ಬಡಿದು ಕಿರುಗುಟ್ಟುತ್ತವೆ. ಸಡಿಲ ಬಿಟ್ಟಿದ್ದು ಅಕ್ಕನಿಗೋಸ್ಕರ. ಭಾವ ತೀರಿಕೊಂಡ ವರ್ಷ ಅವಳ ಗಂಟಲು ಕಟ್ಟಿತು, ಮೇಲಿನ ಸ್ವರ ಮುಟ್ಟುವಾಗ ದನಿ ಬಿರಿಯತೊಡಗಿತು. ಒಂದು ಸಂಜೆ ಅವಳಿಗೆ ಹೇಳದೆ ಎಲ್ಲ ತಂತಿಗಳನ್ನೂ ಶ್ರುತಿಯಲ್ಲಿ ಅರ್ಧ ಮನೆ ಇಳಿಸಿದೆ, ಗಿಟಾರಿನ ಕತ್ತಿನ ಮೇಲೆ ಒಂದೇ ಒಂದು ಮೆಟ್ಟಿಲಿನಷ್ಟು. ಬೆರಳಿಡುವ ಜಾಗವೆಲ್ಲ ಮೊದಲಿನಂತೆಯೇ. ನನಗೆ ಗಿಟಾರು ಕಲಿಸಿದವಳೇ ಅಕ್ಕ, ನನ್ನ ಕೈ ನೋಡಿಯೇ ಯಾವ ಶ್ರುತಿಯೆಂದು ಹೇಳಿಬಿಡುತ್ತಾಳೆ. ಅದಕ್ಕೇ ಕೈ ಹಾಗೇ ಇಟ್ಟು ತಂತಿ ಸಡಿಲಿಸಿದ್ದು. ಅವತ್ತು ಅವಳು ಸಲೀಸಾಗಿ ಹಾಡಿ, "ನೋಡ್ದ್ಯಾ, ದನಿ ವಾಪಸ್ ಬಂತು" ಎಂದು ನನ್ನ ಕೆನ್ನೆ ಹಿಂಡಿದಳು. ಒಂದು ವಾರದ ಮಟ್ಟಿಗೆ ಅಂದುಕೊಂಡಿದ್ದೆ. ಆಮೇಲೆ ಇನ್ನೊಂದು ಅರ್ಧ, ಮತ್ತೊಂದು ಅರ್ಧ. ಈಗ ಪೂರ್ತಿ ಎರಡು ಮನೆ ಕೆಳಗಿದ್ದೇವೆ. ಅಕ್ಕ ಮಾತ್ರ ಸಿಕ್ಕಿದವರಿಗೆಲ್ಲ, ವಯಸ್ಸಿನಲ್ಲಿ ಹಾಡುತ್ತಿದ್ದ ಶ್ರುತಿಯಲ್ಲೇ ಇವತ್ತಿಗೂ ಹಾಡುತ್ತೇನೆ ಎಂದು ಹೇಳಿಕೊಂಡು ಓಡಾಡುತ್ತಾಳೆ. ನಾನು ಪಕ್ಕದಲ್ಲಿ ಕೂತು ತಲೆಯಾಡಿಸುತ್ತೇನೆ.

ಹಳೆಯ ಹಾಡು ಕೇಳಿದರೆ ಗುಟ್ಟು ಬಯಲಾದೀತೆಂದು, ಮನೆಯ ಟೇಪ್ ರೆಕಾರ್ಡರ್ ಕೆಟ್ಟಾಗ ರಿಪೇರಿಗೆ ಕೊಡದೆ ಅಟ್ಟಕ್ಕೆ ಹಾಕಿದವಳೂ ನಾನೇ. ಬೇರೆ ಯಾರೂ ಅವಳಿಗೆ ಗಿಟಾರು ನುಡಿಸದ ಹಾಗೆ ನೋಡಿಕೊಂಡವಳೂ ನಾನೇ. ಜ್ವರ ಬಂದರೂ ಹೋಗಿ ಕೂರುತ್ತೇನೆ. ಇದಕ್ಕಿಂತ ಜೈಲಿನಲ್ಲಿ ರಜೆ ಜಾಸ್ತಿ.

ಜೂನ್ ೪, ಬುಧವಾರ

ತಂತಿ ಅಂಗಡಿಗೆ ಹೋಗಿದ್ದೆ. ಅಂಗಡಿಯವನಿಗೆ ಮಾತು ಕಡಿಮೆ, ಹುಬ್ಬಿನ ಕೆಲಸ ಜಾಸ್ತಿ. ಬೆಚ್ಚಗಿನ, ತುಂಬಿದ ನಾದ ಬೇಕು ಎಂದೆ. ಒಂದು ಹುಬ್ಬು ಏರಿತು.

"ಈಗ ಹಾಕಿರೋದು ಹಳದಿ ಕಂಚು ತಾನೇ? ಅದು ಮಿಂಚುತ್ತೆ, ಬೆಚ್ಚಗಿರಲ್ಲ. ಇದು ನೋಡಿ, ತಾಮ್ರ ಜಾಸ್ತಿ. ದನಿ ಸ್ವಲ್ಪ ಗುಂಡಗಿರುತ್ತೆ" ಎಂದು ಕೆಂಪು ಛಾಯೆಯ ತಂತಿಗಳ ಪೊಟ್ಟಣ ತೆಗೆದ. "ಶ್ರುತಿ ಮಾಮೂಲಿನಾ?"

"ಮಾಮೂಲಿ" ಎಂದೆ. ನಾಲಿಗೆ ತಾನಾಗಿಯೇ ಹೇಳಿಬಿಟ್ಟಿತು. ಅವನಿಗೆ ನಿಜ ಹೇಳಿದ್ದರೆ ಏನಾಗುತ್ತಿತ್ತು? ಏನೂ ಇಲ್ಲ. ಆದರೂ ಹೇಳಲಿಲ್ಲ.

ಸಂಜೆ ಹಾಕಿಕೊಂಡು ನುಡಿಸಿದೆ. ಬಣ್ಣ ಬಂತು, ಬಿಗಿ ಬರಲಿಲ್ಲ. ಅಕ್ಕನ ತೀರ್ಪು: "ತಗಡು ಹೋಯ್ತು, ಬಟ್ಟೆ ಒಣಹಾಕೋ ಹಗ್ಗ ಬಂತು."

ಜೂನ್ ೭, ಶನಿವಾರ

ಮಾರುಕಟ್ಟೆಯಲ್ಲಿ ಕೊಳಲಮ್ಮ ಸಿಕ್ಕಿದಳು. ಕಾಲೇಜಿನಲ್ಲಿ ಒಟ್ಟಿಗೆ ಓದುವಾಗ ಯಾವಾಗ ನೋಡಿದರೂ ಕಂಕುಳಲ್ಲಿ ಕೊಳಲು ಇಟ್ಟುಕೊಂಡಿರುತ್ತಿದ್ದಳು, ಆ ಹೆಸರು ನಾನೇ ಇಟ್ಟಿದ್ದು. ಈಗ ಒಂದು ನಾಟಕದ ತಂಡಕ್ಕೆ ಸಂಗೀತ ನೋಡಿಕೊಳ್ಳುತ್ತಾಳಂತೆ. ತಿಂಗಳ ಕೊನೆಗೆ ಹೊರಟರೆ ಒಂದು ವರ್ಷ ಊರೂರು ಸುತ್ತುವುದು. ಗಿಟಾರಿನವರು ಬೇಕಂತೆ.

"ನೀನೇ ಬೇಕು ಕಣೆ. ಬರೀ ಜೊತೆಗೆ ನುಡಿಸೋದಲ್ಲ, ನಿಂದೇ ಸ್ವಂತ ತುಣುಕುಗಳಿರುತ್ವೆ. ಇಪ್ಪತ್ತೆಂಟಕ್ಕೆ ಹೇಳ್ಬಿಡು" ಎಂದಳು.

ಎದೆ ಒಮ್ಮೆ ಜಿಗಿಯಿತು. ಮರುಕ್ಷಣವೇ ಕೂತಿತು. ನಾನು ಹೋದರೆ ಹೋಟೆಲಿನವರು ಬೇರೆ ಗಿಟಾರಿನವರನ್ನು ಕರೆಸುತ್ತಾರೆ. ಅವರು ತಂತಿಗಳನ್ನು ಸರಿ ಶ್ರುತಿಗೆ ಕಟ್ಟಿಕೊಂಡು ಬರುತ್ತಾರೆ. ಮೊದಲ ಹಾಡಿನ ಎರಡನೆಯ ಸಾಲಿನಲ್ಲೇ ಅಕ್ಕನಿಗೆ ತನ್ನ ದನಿ ಎಲ್ಲಿಗೆ ಬಂದಿದೆಯೆಂದು ಗೊತ್ತಾಗುತ್ತದೆ, ಅದೂ ತುಂಬಿದ ಸಭಾಂಗಣದಲ್ಲಿ. ಅವಳಿಗೆ ಆ ದನಿ ಬಿಟ್ಟರೆ ಬೇರೆ ಏನಿದೆ? ಮಕ್ಕಳಿಲ್ಲ, ಭಾವ ಇಲ್ಲ.

ಕೊಳಲಮ್ಮನಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, "ಹೊರಡೋಕೆ ನಿನಗೇ ಭಯ, ಅಕ್ಕನ್ನ ಯಾಕೆ ಎಳೀತೀಯ?" ಎಂದಳು. ಸಿಟ್ಟು ಬಂತು. ಬೇರೆಯವರ ಮನೆಯ ಕಷ್ಟ ಇವಳಿಗೇನು ಗೊತ್ತು.

ಜೂನ್ ೧೦, ಮಂಗಳವಾರ

ಮತ್ತೆ ತಂತಿ ಅಂಗಡಿ. ಇನ್ನೂ ಮೆತ್ತಗಿನ ನಾದ ಬೇಕೆಂದು ಕೇಳಿದ್ದಕ್ಕೆ, ಒಳಗೆ ರೇಷ್ಮೆ ಎಳೆ ಇರುವ ತಂತಿ ಕೊಟ್ಟ. ಅವನ ತಪ್ಪಿಲ್ಲ. ಮಾಮೂಲಿ ಶ್ರುತಿಯಲ್ಲಿ ಅದು ಬೆಣ್ಣೆಯಂತೆ ಇರುತ್ತಿತ್ತೇನೋ. ನನ್ನ ಶ್ರುತಿಗೆ ಇಳಿಸಿದ್ದೇ ತಡ, ತಂತಿ ಲಂಗದ ಲಾಡಿಯ ಹಾಗೆ ಓಲಾಡತೊಡಗಿತು. ಸಂಜೆ ಹೋಟೆಲಿನ ಅಡುಗೆಮನೆಯ ಬಾಗಿಲಿನಿಂದ ಪರಿಚಾರಕ ಇಣುಕಿ ನೋಡಿದ, ಯಾರಾದರೂ ಗೊರಕೆ ಹೊಡೆಯುತ್ತಿದ್ದಾರೋ ಎಂದು.

ಅಕ್ಕನಿಗೆ ಸಿಟ್ಟೂ ಬಂತು, ದುಃಖವೂ ಬಂತು. "ನೀನು ಮನಸ್ಸಿಟ್ಟು ನುಡಿಸ್ತಿಲ್ಲ ಪುಟ್ಟಿ" ಎಂದಳು. ಬೆಳಗ್ಗೆ ಎದ್ದು ಉಪ್ಪುನೀರು ಮುಕ್ಕಳಿಸುತ್ತಾಳೆ, ಬಿಸಿನೀರು ಕುಡಿಯುತ್ತಾಳೆ, ಕುತ್ತಿಗೆಗೆ ಶಾಲು. ದನಿ ಕಾಪಾಡಿಕೊಳ್ಳುವುದು ಎಂದರೆ ಹೀಗೆ ಎಂದು ನನಗೇ ಪಾಠ ಹೇಳುತ್ತಾಳೆ. ಆ ಹರಕು ದನಿಗೆ ಇಷ್ಟೊಂದು ಉಪಚಾರ. ಬರೆದ ಮೇಲೆ ಪಾಪ ಅನ್ನಿಸುತ್ತಿದೆ, ಆದರೆ ಆ ಸಾಲನ್ನು ಹೊಡೆದು ಹಾಕುವುದಿಲ್ಲ.

ಜೂನ್ ೧೩, ಶುಕ್ರವಾರ

ಇವತ್ತು ಗಿಟಾರನ್ನೇ ಹೊತ್ತುಕೊಂಡು ಹೋದೆ. ಅಂಗಡಿಯವನು ಒಂದೇ ಒಂದು ಸಲ ಮೀಟಿದ. ಎರಡೂ ಹುಬ್ಬುಗಳು ಏರಿದವು.

"ಎಷ್ಟು ಇಳಿಸಿದೀರಿ?"

"ಎರಡು ಮನೆ."

"ಮೊದಲೇ ಹೇಳೋದಲ್ವಾ? ಮೂರು ಸಲ ಬಂದ್ರಿ." ಬೈದ ಹಾಗೆಯೂ ಇತ್ತು, ನಕ್ಕ ಹಾಗೆಯೂ ಇತ್ತು. ಯಾಕೆ ಇಳಿಸಿದಿರಿ ಎಂದು ಮಾತ್ರ ಕೇಳಲಿಲ್ಲ. ಒಳಗಿನಿಂದ ದಪ್ಪ ತಂತಿಗಳನ್ನು ತಂದ, ಅದೇ ಕೆಂಪು ಕಂಚು. ಸಡಿಲ ಬಿಟ್ಟರೂ ದಪ್ಪದಿಂದಾಗಿ ಬಿಗಿ ಉಳಿಯುತ್ತದಂತೆ. ತಂತಿ ಕೂರುವ ಸೀಳುಗಳನ್ನು ಸಣ್ಣ ಅರದಿಂದ ತೀಡಿ ಅಗಲ ಮಾಡಿಕೊಟ್ಟ. ಕೊಡುವಾಗ ಒಂದು ಮಾತು ಹೇಳಿದ: "ಇನ್ಮೇಲೆ ಇದನ್ನ ಮಾಮೂಲಿ ಶ್ರುತಿಗೆ ಏರಿಸೋಕೆ ಹೋಗ್ಬೇಡಿ. ಇಷ್ಟು ದಪ್ಪ ತಂತಿ ಎಳೆದ್ರೆ ಮೇಲಿನ ಹಲಗೆ ಎದ್ದು ಬರುತ್ತೆ. ಬೇಕಾದ್ರೆ ನಾಲ್ಕನೇ ಮೆಟ್ಟಿಲಿಗೆ ತಂತಿ ಒತ್ತಿಹಿಡಿಯೋ ಕ್ಲಿಪ್ ಹಾಕ್ಕೊಳ್ಳಿ, ಆ ಶ್ರುತಿ ಬರುತ್ತೆ."

ಸರಿಹೋಯಿತು. ಇನ್ನು ಇದೂ ನನ್ನ ಹಾಗೆ, ಇಟ್ಟ ಜಾಗದಲ್ಲೇ ಇರಬೇಕು.

ಆದರೆ ನಾದ! ಮನೆಗೆ ಬಂದು ಕಿಟಕಿ ಪಕ್ಕ ಕೂತು ಕೆಳಗಿನ ತಂತಿ ಮೀಟಿದರೆ ಅದು ನೇರ ಹೊಟ್ಟೆಗೆ ತಾಗಿತು. ಅಕ್ಕ ಸ್ನಾನದ ಮನೆಯಿಂದ ತಲೆಗೆ ಟವೆಲ್ ಸುತ್ತಿಕೊಂಡು ಹಾಗೇ ಬಂದಳು. "ಇದು! ಇದನ್ನೇ ಕೇಳಿದ್ದು ನಾನು" ಎಂದು ಅಲ್ಲೇ ನಿಂತು ಎರಡು ಸಾಲು ಹಾಡಿದಳು. ಸಂಜೆ ಮೂಲೆಯ ಮೇಜಿನವರು ಚಮಚ ಕೆಳಗಿಟ್ಟು ಕೇಳಿದರು. ಕೆಳಗಿನ ಸ್ವರಗಳಿಗೆ ಇಳಿಯುವಾಗ ಅವಳ ದನಿ ಅಗಲವಾಗಿ ಹರಡಿಕೊಳ್ಳುತ್ತಿತ್ತು. ತಂತಿಯ ಪ್ರಭಾವ.

ಜೂನ್ ೧೭, ಮಂಗಳವಾರ

ಮ್ಯಾನೇಜರ್ ಸಂಭ್ರಮದಿಂದ ಕರೆದು ಹೇಳಿದರು, ಸಂಗೀತ ಚೆನ್ನಾಗಿ ಬರುತ್ತಿದೆ, ಇನ್ನೂ ತುಂಬಿಕೊಳ್ಳಲಿ ಎಂದು ಕೀಬೋರ್ಡಿನವರೊಬ್ಬರನ್ನು ಗೊತ್ತು ಮಾಡಿದ್ದಾರಂತೆ. ನಾಳೆ ಮಧ್ಯಾಹ್ನ ಅಭ್ಯಾಸ.

ನನ್ನ ಗುಟ್ಟಿಗೆ ಕುತ್ತು ಬಂತು. ಗಿಟಾರನ್ನು ಬಿರಡೆ ತಿರುಗಿಸಿ ತಿರುಗಿಸಿ ಇಳಿಸಬಹುದು. ಕೀಬೋರ್ಡು ಒತ್ತಿದರೆ ಒತ್ತಿದ್ದೇ ಸ್ವರ.

ಅಕ್ಕನಿಗೆ ಖುಷಿಯೋ ಖುಷಿ. "ಈಗ ನೋಡು, ನನ್ನ ದನಿಗೆ ತಕ್ಕ ಮೇಳ" ಎಂದು ಹಾಡಿಕೊಂಡೇ ಬಟ್ಟೆ ಮಡಚಿದಳು. ನಾನೇ ತಂದ ತಂತಿಯಿಂದ ಇಷ್ಟೆಲ್ಲ ಆದದ್ದು.

ಜೂನ್ ೧೮, ಬುಧವಾರ

ಕೀಬೋರ್ಡಿನವರು ಐವತ್ತು ದಾಟಿದ ಮೃದು ಮನುಷ್ಯ. ಶಾಲೆಯಲ್ಲಿ ಮಕ್ಕಳ ಗಾಯನ ವೃಂದಕ್ಕೆ ಹಾಡು ಕಲಿಸುತ್ತಿದ್ದವರು, ಶಾಲೆ ಮುಚ್ಚಿದ್ದಕ್ಕೆ ಇಲ್ಲಿಗೆ ಬಂದಿದ್ದಾರೆ. ಕನ್ನಡಕಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡಿರುತ್ತಾರೆ. ಬಂದ ಅರ್ಧ ಗಂಟೆಯಲ್ಲೇ ಎಲ್ಲರೂ ಅವರನ್ನು ಮೇಷ್ಟ್ರು ಎನ್ನತೊಡಗಿದರು. ಶ್ರುತಿ ತೋರಿಸುವ ಯಂತ್ರವಿಲ್ಲದೆ ಬರೀ ಕಿವಿಯಿಂದಲೇ ಯಾವ ಸ್ವರವೆಂದು ಹೇಳಬಲ್ಲರಂತೆ. ಲೋಟಕ್ಕೆ ಚಮಚ ತಾಗಿದರೂ ಅದರ ಸ್ವರ ಹೇಳಿದರು. ನಾನು ಗಿಟಾರನ್ನು ಚೀಲದಿಂದ ತೆಗೆಯಲು ತಡ ಮಾಡಿದೆ.

ಅವರು ನನ್ನ ಕೈ ನೋಡಿ ಅದೇ ಶ್ರುತಿ ಹಿಡಿದು ನುಡಿಸಿದರು. ನಾನು ನುಡಿಸಿದ್ದು ಎರಡು ಮನೆ ಕೆಳಗೆ. ಅಕ್ಕ ನನ್ನ ಜೊತೆ ಬಂದಳು. ಮೂರೂ ಸೇರಿ ಎದ್ದ ಗದ್ದಲಕ್ಕೆ ಅಡುಗೆಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದರು.

ಈಗ ಆಯಿತು, ಎಲ್ಲ ಮುಗಿಯಿತು ಎಂದುಕೊಂಡೆ. ಅಕ್ಕ ಕೈಯೆತ್ತಿ ನಿಲ್ಲಿಸಿದಳು. "ಮೇಷ್ಟ್ರೇ, ನಿಮ್ಮ ಪೆಟ್ಟಿಗೆ ಶ್ರುತಿ ಮೇಲೆ ಹೋಗಿದೆ" ಎಂದಳು!

"ಇಲ್ಲಮ್ಮ, ಇದು ಸರಿಯಾಗೇ..."

"ನಾನು ಚಿಕ್ಕ ವಯಸ್ಸಿಂದ ಇದೇ ಶ್ರುತೀಲಿ ಹಾಡ್ತಿದೀನಿ. ನಂಗೆ ಶ್ರುತಿ ಹೇಳ್ಕೊಡ್ತೀರಾ?"

ಮೇಷ್ಟ್ರು ನನ್ನ ಕಡೆ ತಿರುಗಿದರು. "ನಿಮ್ಮ ಗಿಟಾರು..."

"ಬೆಳಗ್ಗೆ ಯಂತ್ರ ಇಟ್ಟು ನೋಡೇ ಕಟ್ಟಿದ್ದು" ಎಂದೆ.

ಅದು ಸುಳ್ಳಲ್ಲ. ಯಂತ್ರ ಇಟ್ಟೇ ಎರಡು ಮನೆ ಇಳಿಸುವುದು. ಅವರು ಪೆಚ್ಚಾದರು. ಹಳೆಯ ಪೆಟ್ಟಿಗೆ, ಯಾರಿಂದಲೋ ಕೊಂಡಿದ್ದು ಎಂದು ಗೊಣಗಿಕೊಂಡು, ಶ್ರುತಿ ಇಳಿಸುವ ಗುಂಡಿ ಒತ್ತಿ ಒತ್ತಿ ಅಕ್ಕನ ಹತ್ತಿರ ತಂದರು. ಆಮೇಲೆ ಎಲ್ಲ ಸರಿಯಾಯಿತು. ತುಂಬ ಚೆನ್ನಾಗಿತ್ತು ಕೂಡ.

ಬಚಾವಾದೆ.

ಜೂನ್ ೨೦, ಶುಕ್ರವಾರ

ಒಂದು ವಿಷಯ ಹೊಳೆಯಿತು. ಮೇಷ್ಟ್ರ ಗುಂಡಿ ಇದ್ದರೆ ಸಾಕು, ಶ್ರುತಿ ಅಲ್ಲೇ ಇರುತ್ತದೆ. ಅಕ್ಕನಿಗೆ ನಾನೇ ಬೇಕು ಅಂತೇನಿಲ್ಲ. ಅಂದರೆ ನಾನು ಕೊಳಲಮ್ಮನ ಜೊತೆ ಹೋಗಬಹುದು.

ಆದರೂ ಕೊಳಲಮ್ಮನಿಗೆ ಹೇಳಲಿಲ್ಲ. ಮೇಷ್ಟ್ರನ್ನು ನಂಬುವುದು ಹೇಗೆ? ಒಂದು ದಿನ ಗುಂಡಿ ಒತ್ತಲು ಮರೆತರೆ? ಇನ್ನೂ ಸ್ವಲ್ಪ ದಿನ ನೋಡೋಣ.

ಜೂನ್ ೨೩, ಸೋಮವಾರ

ಮೇಷ್ಟ್ರು ಸಪ್ಪಗಿದ್ದಾರೆ. ವಿರಾಮದಲ್ಲಿ ವೇದಿಕೆಯ ಹಿಂದಿನ ಓಣಿಯಲ್ಲಿ, ತರಕಾರಿ ಬುಟ್ಟಿಗಳ ಪಕ್ಕ ನಿಂತು, ಗೋಡೆಗೆ ಬೆರಳಿನಿಂದ ತಟ್ಟಿ ಕಿವಿಗೊಡುತ್ತಿದ್ದರು. ಏನಾಯಿತು ಎಂದು ಕೇಳಿದೆ.

"ಪೆಟ್ಟಿಗೆ ಶ್ರುತಿ ತಪ್ಪಿದ್ದು ದೊಡ್ಡದಲ್ಲಮ್ಮ. ಎರಡು ಮನೆ ತಪ್ಪಿದ್ರೂ ನನ್ನ ಕಿವಿಗೆ ಗೊತ್ತಾಗ್ಲಿಲ್ವಲ್ಲ, ಅದು. ವಯಸ್ಸಾದ್ರೆ ನಮ್ಮಂಥೋರ ಕಿವೀಲಿ ಶ್ರುತಿ ಜಾರುತ್ತಂತೆ. ನಂಗೆ ಜಾರಿದೆ. ಆ ಮಕ್ಕಳಿಗೆಲ್ಲ ಎಷ್ಟು ವರ್ಷ ತಪ್ಪು ಹೇಳ್ಕೊಟ್ನೋ ಏನೋ."

"ಹಾಗೆಲ್ಲ ಇರಲ್ಲ ಮೇಷ್ಟ್ರೇ" ಎಂದೆ. ಇನ್ನೇನು ಹೇಳಲಿ? ನನ್ನ ಬಾಯಿಗೆ ನಾನೇ ಬೀಗ ಹಾಕಿಕೊಂಡು ಕೀಲಿ ಕಳೆದುಕೊಂಡ ಹಾಗಾಗಿದೆ.

ಸಂಜೆ ಅಕ್ಕ ಬಹಳ ಚೆನ್ನಾಗಿ ಹಾಡಿದಳು. ಮೇಲಿನ ಸ್ವರಗಳಲ್ಲಿ ಮಾತ್ರ ಕುತ್ತಿಗೆಯ ನರ ಉಬ್ಬುತ್ತದೆ. ಕೆಳಗಿದ್ದಾಗ ಆ ದನಿಯನ್ನು ಕೇಳುತ್ತಲೇ ಇರಬೇಕು ಅನ್ನಿಸುತ್ತದೆ. ಮೊದಲು ಯಾಕೆ ಗಮನಿಸಲಿಲ್ಲವೋ.

ಜೂನ್ ೨೫, ಬುಧವಾರ

ಮೇಷ್ಟ್ರು ಕಿವಿ ಡಾಕ್ಟರ ಹತ್ತಿರ ಹೋಗಿಬಂದರಂತೆ. ಕಿವಿ ಚೆನ್ನಾಗಿದೆ ಎಂದರಂತೆ. ಅದರಿಂದ ಸಮಾಧಾನವಾಗುವ ಬದಲು, ಹಾಗಾದರೆ ತಲೆಯಲ್ಲೇ ಏನೋ ಆಗಿದೆ ಎಂದು ಹಿಡಿದುಕೊಂಡಿದ್ದಾರೆ. ಶನಿವಾರದ ನಂತರ ಬರುವುದಿಲ್ಲ ಎಂದು ಮ್ಯಾನೇಜರಿಗೆ ಹೇಳಿದ್ದಾರೆ. ಮ್ಯಾನೇಜರ್ ಬಂದು ನಮಗೆ ತಿಳಿಸಿದಾಗ ಅಕ್ಕ, "ಪಾಪ, ಒಳ್ಳೆ ಮನುಷ್ಯ. ಆದ್ರೆ ಕಿವಿ ಹೋದ್ಮೇಲೆ ಏನ್ ಮಾಡೋಕಾಗುತ್ತೆ" ಎಂದಳು.

ಅನ್ನ ಸೇರುತ್ತಿಲ್ಲ.

ಜೂನ್ ೨೬, ಗುರುವಾರ

ಹೇಳಿಬಿಟ್ಟೆ.

ಬೆಳಗ್ಗೆ ಅಕ್ಕ ಸಂಜೆಯ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಬಾಗಿಲಲ್ಲಿ ನಿಂತು ಹೇಳಿದೆ. ಮೇಷ್ಟ್ರ ಕಿವಿ ಸರಿ ಇದೆ, ಪೆಟ್ಟಿಗೆ ಸರಿ ಇದೆ, ನನ್ನ ತಂತಿ ಕೆಳಗಿದೆ, ನೀನೂ ಕೆಳಗಿದ್ದೀಯ, ಎರಡು ಮನೆ. ಒಂದೇ ಉಸಿರಿಗೆ ಹೇಳಿದೆ, ನಿಲ್ಲಿಸಿದರೆ ಮತ್ತೆ ಶುರು ಮಾಡಲು ಧೈರ್ಯ ಇರುತ್ತಿರಲಿಲ್ಲ.

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ವೈರು ಕಿತ್ತು, ತೋಳಿನ ಮಡಿಕೆಯನ್ನು ಕೈಯಿಂದಲೇ ಸರಿಮಾಡಿದಳು.

"ಯಾವಾಗಿಂದ?"

"ಭಾವ ಹೋದ ವರ್ಷದಿಂದ. ಸ್ವಲ್ಪ ಸ್ವಲ್ಪವಾಗಿ."

"ಸರಿ ಶ್ರುತಿ ಕೊಡು."

"ಬೇಡ ಅಕ್ಕ."

"ಕೊಡು ಅಂದ್ನಲ್ಲ."

ನಾಲ್ಕನೇ ಮೆಟ್ಟಿಲಿಗೆ ಕ್ಲಿಪ್ ಹಾಕಿ ನುಡಿಸಿದೆ. ಮೊದಲ ಸಾಲು ಹೇಗೋ ದಾಟಿದಳು. ಎರಡನೆಯ ಸಾಲು ಏರುವ ಕಡೆ ದನಿ ಇರಲಿಲ್ಲ. ಬಿರಿಯಲೂ ಇಲ್ಲ, ಬರೀ ಗಾಳಿ ಬಂತು. ಇನ್ನೊಮ್ಮೆ ಎಂದಳು. ಇನ್ನೊಮ್ಮೆಯೂ ಅಷ್ಟೇ. ಮೂರನೆಯ ಸಲ ನಾನು ನುಡಿಸಲಿಲ್ಲ, ಅವಳೂ ಕೇಳಲಿಲ್ಲ.

ಮಂಚದ ಅಂಚಿಗೆ ಕೂತಳು. ನನಗೆ ಸುಮ್ಮನಿರಲಾಗಲಿಲ್ಲ. "ನಿನಗೆ ನೋವಾಗಬಾರದು ಅಂತ ಮಾಡ್ದೆ. ಇದಕ್ಕೋಸ್ಕರ ನಾನು ಎಲ್ಲೂ ಹೋಗ್ಲಿಲ್ಲ. ಈಗಲೂ ಕೊಳಲಮ್ಮ ಕರೀತಿದಾಳೆ, ಒಂದು ವರ್ಷ, ನಾಟಕದ ತಂಡ. ಬೇಡ ಅನ್ಬೇಕು ನಾನು, ನಿನಗೋಸ್ಕರ" ಎಂದೆ.

"ನನಗೋಸ್ಕರಾನಾ? ನಾನು ನಿನ್ನ ಹಿಡ್ಕೊಂಡಿದ್ನಾ? ಯಾವತ್ತು ನೀನು ಹೋಗ್ಲಾ ಅಂತ ಕೇಳ್ದೆ, ಯಾವತ್ತು ನಾನು ಬೇಡ ಅಂದೆ?"

ನಿಜವಾಗಿಯೂ ನಾನು ಒಮ್ಮೆಯೂ ಕೇಳಿಲ್ಲ.

"ಒಂದೊಂದೇ ಮೆಟ್ಟಿಲು ಇಳಿಯೋವಾಗ ಗೊತ್ತಾಗಿದ್ರೆ ನಾನೂ ಒಂದೊಂದೇ ದಿನ ಅತ್ತು ಮುಗಿಸ್ತಿದ್ದೆ. ಈಗ ನೋಡು, ಎಲ್ಲಾ ಒಂದೇ ಬೆಳಗ್ಗೆಗೆ ಬಂತು. ನಂಗೆ ವಯಸ್ಸಾಗೋಕೇ ಬಿಡ್ಲಿಲ್ವಲ್ಲೇ ನೀನು" ಎಂದಳು.

ಅವಳು ಅಳಲಿಲ್ಲ. ನಾನು ಅತ್ತೆ. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ. ನಮ್ಮಿಬ್ಬರಲ್ಲಿ ಹೀಗೆ ಆಗಿದ್ದು ಇದೇ ಮೊದಲು.

ಸಂಜೆ ಹುಷಾರಿಲ್ಲವೆಂದು ಹೇಳಿ ಕಳಿಸಿದಳು. ನಾನು ಒಬ್ಬಳೇ ಹೋಗಿ ಮೇಷ್ಟ್ರ ಜೊತೆ ಏನೇನೋ ನುಡಿಸಿ ಬಂದೆ. ಅವರಿಗೆ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಮ್ಯಾನೇಜರ್ ಬಂದರು. ಬರಲಿ ಎಂದೇ ಕಾದಿದ್ದೆನೇನೋ.

ಜೂನ್ ೨೭, ಶುಕ್ರವಾರ

ಅಕ್ಕ ಮಾತಾಡುತ್ತಿಲ್ಲ. ತಟ್ಟೆ ಮುಂದಿಟ್ಟಳು, ನೀರಿಟ್ಟಳು. ಪುಟ್ಟಿ ಎನ್ನಲಿಲ್ಲ.

ಮಧ್ಯಾಹ್ನ ಅಟ್ಟದಿಂದ ಟೇಪ್ ರೆಕಾರ್ಡರ್ ಇಳಿಸಿಕೊಂಡು ರಿಪೇರಿಯವನ ಬಳಿ ಹೋದಳು. ಅದು ಇನ್ನು ನಡೆಯುವುದಿಲ್ಲ ಎಂದನಂತೆ, ಬರಿಗೈಯಲ್ಲಿ ಬಂದಳು. ಇದನ್ನೂ ನನಗೆ ಹೇಳಿದ್ದು ಅವಳಲ್ಲ, ಕೆಳಗಿನ ಮನೆಯವರು. ಸಂಜೆಯೂ ಹಾಡಲು ಬರಲಿಲ್ಲ.

ಜೂನ್ ೨೮, ಶನಿವಾರ

ಮಧ್ಯಾಹ್ನ ಅಕ್ಕ ಸೀರೆಯುಟ್ಟು, ತಲೆ ಬಾಚಿ, "ನಡಿ" ಎಂದಳು. ಎರಡು ದಿನಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು. ಗಿಟಾರಿಗೆ ಕೈಹಾಕಿದೆ. "ಅದು ಬೇಡ" ಎಂದಳು.

ಹೋಟೆಲಿನ ಸಭಾಂಗಣದಲ್ಲಿ ಕುರ್ಚಿಗಳೆಲ್ಲ ಮೇಜುಗಳ ಮೇಲೆ ತಲೆಕೆಳಗಾಗಿದ್ದವು, ನೆಲ ಒರೆಸುತ್ತಿದ್ದರು. ಮೇಷ್ಟ್ರು ಕೀಬೋರ್ಡಿನ ವೈರು ಸುತ್ತಿಡುತ್ತಿದ್ದರು, ಅಕ್ಕ ಇವತ್ತೂ ಬರುವುದಿಲ್ಲವೆಂದು ಸಂಜೆಯವರೆಗೂ ಕಾಯದೆ ಹೊರಟಿದ್ದರು. ಅಕ್ಕ ನೇರ ಅವರೆದುರು ಹೋಗಿ ನಿಂತಳು. ನೆಲ ಒರೆಸುವವರಿಗೂ ಕೇಳುವ ಹಾಗೆ ಹೇಳಿದಳು:

"ಮೇಷ್ಟ್ರೇ, ನಿಮ್ಮ ಕಿವಿ ಸರಿ ಇದೆ. ಪೆಟ್ಟಿಗೆನೂ ಸರಿ ಇದೆ. ಇಳಿದಿರೋದು ನಾನು. ನಿಮ್ಮನ್ನ ಬೈದಿದ್ದು ತಪ್ಪಾಯ್ತು."

ನನ್ನ ಹೆಸರು ಎತ್ತಲೇ ಇಲ್ಲ. ಎತ್ತಬಹುದಿತ್ತು. ನಾನೇ ಮುಂದೆ ಬಂದು, "ಇಳಿಸಿದ್ದು ನಾನು ಮೇಷ್ಟ್ರೇ. ನಿಮಗೆ ಸುಳ್ಳು ಹೇಳಿದ್ದೂ ನಾನೇ" ಎಂದೆ. ಅವರು ಕನ್ನಡಕ ತೆಗೆದು, ದಾರದಲ್ಲಿ ಜೋತುಬಿಟ್ಟು, ಎರಡೂ ಕಿವಿಗಳನ್ನು ಅಂಗೈಯಿಂದ ಒಮ್ಮೆ ಮುಚ್ಚಿ ತೆಗೆದರು. "ಅಬ್ಬ" ಎಂದರು. ಅಷ್ಟೇ. ನನ್ನ ಕಡೆ ನೋಡಲಿಲ್ಲ. ನೋಡದಿದ್ದುದೇ ಸರಿ.

"ಈಗ ನನ್ನ ಶ್ರುತಿ ಎಲ್ಲಿದೆ ಅಂತ ಹುಡುಕಿಕೊಡಿ" ಎಂದಳು ಅಕ್ಕ.

ಮೇಷ್ಟ್ರು ಮತ್ತೆ ವೈರು ಬಿಚ್ಚಿದರು. ಎರಡು ಮನೆ ಇಳಿಸಿ ಶುರು ಮಾಡಿದರು, ನಾನು ಇಟ್ಟಿದ್ದ ಜಾಗದಿಂದ. ಅಕ್ಕ ಹಾಡಿದಳು. ಮೇಷ್ಟ್ರು ತಲೆಯಲ್ಲಾಡಿಸಿ, "ಇಲ್ಲಮ್ಮ, ಇಲ್ಲೂ ನೀವು ಎಳೀತಿದೀರಿ. ಕುತ್ತಿಗೆ ನೋಡ್ಕೊಳ್ಳಿ" ಎಂದರು. ಅರ್ಧ ಇಳಿಸಿದರು. ಮತ್ತೆ ಅರ್ಧ. ಮೂರು ಮನೆಯ ಹತ್ತಿರ ಬಂದಾಗ ಅಕ್ಕನ ಭುಜಗಳು ಕೆಳಗಿಳಿದವು. ಬಾಯಿ ತೆರೆದರೆ ದನಿ ತಾನಾಗಿಯೇ ಬಂತು, ಎಲ್ಲೂ ಹತ್ತಬೇಕಾಗಿಯೇ ಇರಲಿಲ್ಲ. ನೆಲ ಒರೆಸುವವಳು ಕೋಲಿಗೆ ಗಲ್ಲ ಊರಿ ನಿಂತುಬಿಟ್ಟಳು.

ಒಂದು ಮನೆ. ಇಷ್ಟು ವರ್ಷ ಅವಳಿಗೆ ಸುಖವಾಗಲಿ ಎಂದು ಇಳಿಸಿದ್ದು, ಆದರೂ ಒಂದು ಮನೆ ಮೇಲೇ ಇಟ್ಟಿದ್ದೆ. ಉಪ್ಪುನೀರು, ಶಾಲು, ಉಬ್ಬಿದ ನರ, ಎಲ್ಲವೂ ಅದಕ್ಕೇ. ತನ್ನ ಶ್ರುತಿ ಅದೇ ಎಂದು ನಂಬಿ ಏದುಸಿರಿನಲ್ಲಿ ಹತ್ತುತ್ತಿದ್ದಳು. ಕೇಳಿದ್ದರೆ ಅವಳೇ ಹೇಳುತ್ತಿದ್ದಳು, ಇನ್ನೂ ಸ್ವಲ್ಪ ಇಳಿಸು ಅಂತ. ನಾಚಿಕೆಯಿಂದ ನನ್ನ ಮೈ ಬಿಸಿಯಾಯಿತು.

ಸಂಜೆ ನಾನು ವೇದಿಕೆ ಹತ್ತಲಿಲ್ಲ. ಹೋಗಬೇಡ ಎಂದು ಯಾರೂ ಹೇಳಲಿಲ್ಲ, ಹತ್ತು ಎಂದೂ ಹೇಳಲಿಲ್ಲ. ಕಂಬದ ಪಕ್ಕದ ಚಿಕ್ಕ ಮೇಜಿಗೆ ಕೂತೆ. ಪರಿಚಾರಕ ಬಂದು ಗಲಿಬಿಲಿಗೊಂಡು, "ನಿಮಗೇನು ಕೊಡ್ಲಿ ಮೇಡಂ?" ಎಂದ. ಇಷ್ಟು ವರ್ಷ ದಿನವೂ ಮುಖ ನೋಡಿದವನು ಈ ಪ್ರಶ್ನೆ ಕೇಳಿದ್ದು ಇವತ್ತೇ. ನೀರು ಸಾಕು ಎಂದೆ.

ಹಾಡು ಶುರು ಮಾಡುವ ಮೊದಲು ಅಕ್ಕ ಯಾವಾಗಲೂ ನನ್ನ ಕಡೆ ನೋಡುತ್ತಾಳೆ, ಶ್ರುತಿಗೆ. ಇವತ್ತು ಮೇಷ್ಟ್ರ ಕಡೆ ನೋಡಿದಳು. ಅವರು ಒಂದು ಸ್ವರ ಒತ್ತಿದರು, ಅವಳು ಹಿಡಿದಳು. ಎಂಥ ದನಿ ಅದು! ನನ್ನ ಅಕ್ಕನ ದನಿ. ತಂತಿಯ ಪ್ರಭಾವ ಎಂದು ನಾನು ಇಲ್ಲೇ ಎಲ್ಲೋ ಬರೆದಿದ್ದೇನೆ. ಅಲ್ಲಿ ಒಂದು ತಂತಿಯೂ ಇರಲಿಲ್ಲ.

ಎರಡನೆಯ ಹಾಡಿನ ನಡುವೆ ಎದ್ದು ಓಣಿಗೆ ಬಂದು ಕೊಳಲಮ್ಮನಿಗೆ ಫೋನ್ ಮಾಡಿದೆ. "ಬರ್ತೀನಿ" ಎಂದೆ.

"ಅಕ್ಕನ ಜೊತೆ ಯಾರು ಇರ್ತಾರೆ?" ಎಂದಳು ಅವಳು.

"ಅಕ್ಕನಿಗೆ ನಾನು ಬೇಡ ಕಣೆ" ಎಂದೆ. ಇಷ್ಟು ದಿನ ಈ ಮಾತಿಗಾಗಿಯೇ ಕಾದಿದ್ದೆ ಅಂದುಕೊಂಡಿದ್ದೆ. ಹೇಳಿ ಮುಗಿಸಿದ ಮೇಲೆ ಖುಷಿ ಮಾತ್ರ ಬರಲಿಲ್ಲ. ಕೊಳಲಮ್ಮ ಏನೋ ಹೇಳುತ್ತಿದ್ದಳು, ಬಸ್ಸು, ಹೊತ್ತು, ಹಾಸಿಗೆ ತರಬೇಕೋ ಬೇಡವೋ ಎಂದೆಲ್ಲ. ಹೂಂ ಹೂಂ ಎಂದು ಫೋನ್ ಇಟ್ಟೆ.

ಒಳಗೆ ಹೋಗಬೇಕು ಅನ್ನುವಾಗ ಮುಂದಿನ ಹಾಡು ಶುರುವಾಗಿತ್ತು. ನನಗೆ ಗೊತ್ತಿಲ್ಲದ ಹಾಡು. ಉದ್ದಕ್ಕೂ ಕೆಳಗಿನ ಸ್ವರಗಳಲ್ಲೇ ಓಡಾಡುವಂಥದ್ದು. ಯಾವಾಗ ಕಲಿತಳೋ, ಯಾರ ಮುಂದೆ ಹಾಡುತ್ತಿದ್ದಳೋ, ಒಬ್ಬಳೇ ಇದ್ದಾಗ ಗುನುಗಿಕೊಳ್ಳುತ್ತಿದ್ದಳೋ. ಒಂದು ಸಾಲೂ ನಾನು ಕೇಳಿದ್ದಲ್ಲ. ಇಪ್ಪತ್ತು ವರ್ಷ ಪಕ್ಕದಲ್ಲಿ ಕೂತವಳು ನಾನು.

ಬಾಗಿಲ ಬಳಿಯೇ ನಿಂತು ಕೊನೆಯವರೆಗೂ ಕೇಳಿದೆ. ಅಭ್ಯಾಸಬಲದಿಂದ ಎಡಗೈ ಬೆರಳುಗಳು ಎಲ್ಲಿ ಕೂರಬೇಕೆಂದು ಹುಡುಕುತ್ತಿದ್ದವು. ಆ ಹಾಡು ನನಗೆ ಬರುವುದಿಲ್ಲ.